ಮಂಗ ಸತ್ತ ಸುದ್ದಿ ಯಾರ ಕಿವಿಗೆ ಬೀಳಬೇಕು?

ಮಲೆನಾಡಿನ ಕಾಡಂಚಿನ ಹಳ್ಳಿಗಳಲ್ಲಿ ಡಿಸೆಂಬರ್ ತಿಂಗಳು ಅಡಿಕೆ ಕೊಯ್ಲಿನ ಜೊತೆಗೆ ಭಯವನ್ನೂ ತರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. 2024ರ ಆರಂಭದಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ಕಾಯಿಲೆಗೆ ಮತ್ತೆ ಜೀವಗಳು ಬಲಿಯಾದವು. ರೋಗ ಪತ್ತೆಯಾಗಿ ಆರು ದಶಕಗಳೇ ಕಳೆದಿವೆ. ರೋಗಾಣು ಗೊತ್ತಿದೆ, ಹರಡುವ ಬಗೆ ಗೊತ್ತಿದೆ, ಮುನ್ಸೂಚನೆಯೂ ಗೊತ್ತಿದೆ. ಆದರೂ ಜನ ಸಾಯುವುದು ನಿಂತಿಲ್ಲ. ಏಕೆ?

ಮೊದಲು ತಿಳಿಸಿದ್ದೇ ಮಂಗಗಳು

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರಿಗೂ ವಿಪರೀತ ಜ್ವರ ಬಂತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವಿಜ್ಞಾನಿಗಳು ಅಲ್ಲಿಗೆ ಧಾವಿಸಿದರು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂದಿರಬಹುದೆಂಬ ಆತಂಕ ಅವರಲ್ಲಿತ್ತು. ಆದರೆ ಸಿಕ್ಕಿದ್ದು ಅಲ್ಲಿಯವರೆಗೆ ಯಾರಿಗೂ ತಿಳಿಯದ ವೈರಾಣು. ಹೀಗೆ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳನ್ನು ಸೇರಿತು.

ಈ ವೈರಾಣುವನ್ನು ಹೊತ್ತು ತಿರುಗುವುದು ಕಾಡಿನ ಉಣುಗು. ಅದು ಕಚ್ಚಿದ ಮುಸುವ ಮತ್ತು ಮಂಗಗಳು ರೋಗ ತಗಲಿ ಸಾಯುತ್ತವೆ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಅಲ್ಲಿನ ತರಗೆಲೆಗಳ ನಡುವೆ ಸೇರಿಕೊಳ್ಳುತ್ತವೆ. ಸೌದೆಗೆ, ಸೊಪ್ಪಿಗೆ, ದನ ಹುಡುಕಲು ಅತ್ತ ಹೋದವರಿಗೆ ಅವು ಅಂಟಿಕೊಳ್ಳುತ್ತವೆ. ಒಮ್ಮೆಲೇ ಏರುವ ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ ಇದರ ಲಕ್ಷಣಗಳು. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಇದಕ್ಕೆಂದೇ ನಿರ್ದಿಷ್ಟ ಔಷಧವೂ ಇಲ್ಲ.

ಆದ್ದರಿಂದ ಕಾಡಿನಲ್ಲಿ ಸತ್ತು ಬಿದ್ದ ಒಂದು ಮಂಗ ಇಡೀ ಊರಿಗೆ ಎಚ್ಚರಿಕೆಯ ಗಂಟೆ. ಆ ಗಂಟೆ ಕೇಳಿದ ಕೂಡಲೇ ಜಾಗಕ್ಕೆ ಕೀಟನಾಶಕ ಹಾಕಿ, ಜನರನ್ನು ಅತ್ತ ಹೋಗದಂತೆ ತಡೆದು, ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚಿದರೆ ಹಲವು ಜೀವಗಳು ಉಳಿಯುತ್ತವೆ.

ಕರಾವಳಿಯ ಪಾಠ

ಇದು ಘಟ್ಟದ ಮೇಲಿನವರ ಕಾಯಿಲೆ ಎಂದು ನಾವು ಕರಾವಳಿಯವರು ಸುಮ್ಮನಿರುವಂತಿಲ್ಲ. 1982ರ ಸುಮಾರಿಗೆ ಬೆಳ್ತಂಗಡಿ ತಾಲೂಕಿನ ನಿಡ್ಲೆ ಪರಿಸರದಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿಯಲಾಯಿತು. ಅದರ ಬೆನ್ನಿಗೇ ಮಂಗನ ಕಾಯಿಲೆ ಭುಗಿಲೆದ್ದಿತು. ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. 2019ರಲ್ಲಿ ಉಡುಪಿ ಜಿಲ್ಲೆಯಲ್ಲೂ ಸತ್ತ ಮಂಗಗಳಲ್ಲಿ ಈ ವೈರಾಣು ಪತ್ತೆಯಾಗಿತ್ತು. ಕಾಡು ಮತ್ತು ತೋಟ ಒಂದಕ್ಕೊಂದು ತಾಗಿರುವ, ದನಕರುಗಳು ಎರಡರ ನಡುವೆ ಓಡಾಡುವ ಜಾಗಗಳಲ್ಲಿ ಅಪಾಯ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ನಮ್ಮ ಅನೇಕ ಧರ್ಮಕೇಂದ್ರಗಳಿರುವುದು ಇಂತಹ ಜಾಗಗಳಲ್ಲೇ.

ಇನ್ನೂ ದೂರದ ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ಮೂಟೆ ಇಳಿಸುವ ಹಮಾಲನಿಗೆ ಇದು ಸಂಬಂಧವಿಲ್ಲದ ವಿಷಯವೆಂದು ಕಾಣಬಹುದು. ಕಾಡಿನ ಉಣುಗು ಅಲ್ಲಿಗೆ ಬರುವುದಿಲ್ಲ, ನಿಜ. ಆದರೆ ಭಾರತದಲ್ಲಿ ಕೊರೋನಾಕ್ಕೆ ಬಲಿಯಾದ ಮೊದಲ ವ್ಯಕ್ತಿ ಕಲಬುರಗಿಯವರು ಎಂಬುದನ್ನು 2020ರ ಮಾರ್ಚ್‌ನಲ್ಲಿ ಎಲ್ಲರೂ ಓದಿದ್ದೇವೆ. ಆ ವೈರಾಣುವಿನ ಮೂಲದ ಕುರಿತ ವಾದ ಇನ್ನೂ ಮುಗಿದಿಲ್ಲ. ಆದರೆ ಎಲ್ಲೋ ಹುಟ್ಟಿದ ರೋಗ ತಡವಾಗಿ ಗೊತ್ತಾದರೆ ಯಾವ ಊರೂ ದೂರವಲ್ಲ ಎಂಬುದು ಆಗ ನಮಗೆ ಮನವರಿಕೆಯಾಯಿತು.

ಗಂಟೆ ಕೇಳಿಸದಿರುವುದೇಕೆ?

ಸತ್ತ ಮಂಗವನ್ನು ಮೊದಲು ಕಾಣುವವರು ಅಧಿಕಾರಿಗಳಲ್ಲ. ಸೌದೆಗೆ ಹೋದ ಹೆಂಗಸು, ದನ ಮೇಯಿಸುವ ಹುಡುಗ, ದಿನಗೂಲಿಯ ಅರಣ್ಯ ಕಾವಲುಗಾರ ಅದನ್ನು ಮೊದಲು ನೋಡುತ್ತಾರೆ. ಕಾಡು ಅರಣ್ಯ ಇಲಾಖೆಗೆ ಸೇರಿದ್ದು, ಮರಣೋತ್ತರ ಪರೀಕ್ಷೆ ಪಶುವೈದ್ಯರದ್ದು, ಜ್ವರ ಬಂದವರು ಆರೋಗ್ಯ ಇಲಾಖೆಯ ಪಾಲಿಗೆ. ಮೂರು ಕಡೆ ಸುತ್ತುವಷ್ಟರಲ್ಲಿ ಶವ ಕೊಳೆಯುತ್ತದೆ, ಉಣುಗು ಇಳಿದು ಹೋಗಿರುತ್ತದೆ. ಕಾಡಿಗೆ ಏಕೆ ಹೋದೆ ಎಂದು ಗದರಿಸಿಕೊಳ್ಳುವ ಭಯವಿದ್ದರೆ ಬಡವರು ಬಾಯಿ ಬಿಡುವುದೂ ಇಲ್ಲ.

ತಿಳಿಸಿದವರ ಜೊತೆಗೆ ಶವ ಮುಟ್ಟುವವರನ್ನೂ ಕಾಪಾಡಬೇಕು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಅವುಗಳ ಶವಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ರೋಗ ತಗಲಿತು. ಶಿವಮೊಗ್ಗ ಸೀಮೆಯ ಕಾಯಿಲೆಯೆಂದು ತಿಳಿದಿದ್ದದ್ದು ತಮಿಳುನಾಡಿನ ಗಡಿಯ ಕಾಡಿನಲ್ಲಿರಬಹುದೆಂದು ಅವರು ಹೇಗೆ ಊಹಿಸಿಯಾರು? ನಂತರದ ವರ್ಷಗಳಲ್ಲಿ ಅದು ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿಕೊಂಡಿತು.

ಲಸಿಕೆಯ ಆಸರೆಯೂ ಸದ್ಯ ಇಲ್ಲ. ಹಳೆಯ ಲಸಿಕೆಯನ್ನು 2005ರಿಂದ 2010ರವರೆಗೆ ಅಧ್ಯಯನ ಮಾಡಿದಾಗ ಎರಡು ಡೋಸ್ ಪಡೆದವರಲ್ಲಿ ಸುಮಾರು ಶೇಕಡಾ 62, ಬೂಸ್ಟರ್ ಸಹ ಪಡೆದವರಲ್ಲಿ ಸುಮಾರು ಶೇಕಡಾ 83ರಷ್ಟು ರಕ್ಷಣೆ ಕಂಡುಬಂದಿತ್ತು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾದ ಆ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹೊಸ ಲಸಿಕೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಅಲ್ಲಿಯವರೆಗೆ ಸಕಾಲದ ಎಚ್ಚರಿಕೆಯೇ ನಮಗಿರುವ ದೊಡ್ಡ ರಕ್ಷಣೆ.

ಮಂಗ ಶತ್ರುವಲ್ಲ

ಬ್ರೆಜಿಲ್ ದೇಶದಲ್ಲಿ ಹಳದಿ ಜ್ವರದ ಮುನ್ಸೂಚನೆಗಾಗಿ ಮಂಗಗಳ ಸಾವನ್ನು ಸರಕಾರವೇ ದಾಖಲಿಸುತ್ತದೆ. ಆದರೂ 2016ರಿಂದ 2018ರ ನಡುವೆ ರೋಗ ಹರಡಿದಾಗ ಹೆದರಿದ ಜನ ಮಂಗಗಳನ್ನೇ ಹೊಡೆದು ಕೊಂದರು. ರೋಗ ಹರಡುವುದು ಸೊಳ್ಳೆಗಳಿಂದ, ಮಂಗಗಳೂ ಅದಕ್ಕೆ ಬಲಿಯಾಗುವ ಜೀವಿಗಳೇ ಎಂದು ಅಧಿಕಾರಿಗಳು ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲೂ ಅಷ್ಟೇ. ಮಂಗವನ್ನು ಕೊಂದರೆ ಉಣುಗು ಸಾಯದು, ನಮಗೆ ಸುದ್ದಿ ಕೊಡುವ ಪ್ರಾಣಿ ಮಾತ್ರ ಇಲ್ಲವಾಗುತ್ತದೆ. ಹಾಗೆಯೇ, ಮಂಗ ಸತ್ತಿಲ್ಲವೆಂದರೆ ಅಪಾಯವಿಲ್ಲವೆಂದೂ ಅರ್ಥವಲ್ಲ. ಇಲಿ, ಮೂಗಿಲಿಗಳ ನಡುವೆಯೂ ವೈರಾಣು ಉಳಿಯಬಲ್ಲದು. ಆದ್ದರಿಂದ ಉಣುಗುಗಳನ್ನು ಹಿಡಿದು ಪರೀಕ್ಷಿಸುವ ಕೆಲಸವೂ ಪ್ರತಿ ವರ್ಷ ತಪ್ಪದೆ ನಡೆಯಬೇಕು.

ನಾವೇನು ಮಾಡಬಹುದು?

ಸರಕಾರ ಮಾಡಬೇಕಾದುದು ಕಷ್ಟದ್ದೇನಲ್ಲ. ಮೂರೂ ಇಲಾಖೆಗಳಿಗೆ ಒಂದೇ ದೂರವಾಣಿ ಸಂಖ್ಯೆ ಇರಲಿ. ಸುದ್ದಿ ಕೊಟ್ಟ ವ್ಯಕ್ತಿಗೆ ಪರೀಕ್ಷೆಯ ಫಲಿತಾಂಶ ತಿಳಿಸುವ ಸೌಜನ್ಯವಿರಲಿ. ತನ್ನ ಮಾತಿಗೆ ಉತ್ತರ ಸಿಕ್ಕವನು ಮುಂದಿನ ಸಲವೂ ಹೇಳುತ್ತಾನೆ. ಶವ ವಿಲೇವಾರಿ ಮಾಡುವ ದಿನಗೂಲಿಯವನಿಗೆ ಕೈಗವಸು, ಗಮ್ ಬೂಟು, ಚಿಕಿತ್ಸೆಯ ಖಾತರಿ ಸಿಗಲಿ.

ಧರ್ಮಸಭೆಗೂ ಇಲ್ಲಿ ಕೆಲಸವಿದೆ. ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ ಭೂಮಿಯ ನರಳಾಟ ಮತ್ತು ಬಡವರ ನರಳಾಟ ಬೇರೆ ಬೇರೆಯಲ್ಲ ಎಂಬುದನ್ನು ಮನಗಾಣಿಸಿದರು. ನಿಡ್ಲೆಯಲ್ಲಿ ನಡೆದದ್ದು ಅದೇ. ಘಟ್ಟದ ಬುಡದ ಧರ್ಮಕೇಂದ್ರಗಳಲ್ಲಿ ಆಗಮನ ಕಾಲದ ಭಾನುವಾರಗಳಂದು, ಬಲಿಪೂಜೆಯ ನಂತರದ ಪ್ರಕಟಣೆಗಳೊಂದಿಗೆ ಎರಡು ಮಾತು ಸೇರಿಸಬಹುದು: ಸತ್ತ ಮಂಗವನ್ನು ಮುಟ್ಟಬೇಡಿ, ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ನಮ್ಮ ಯುವಕರು ವಾರ್ಡುವಾರು ಈ ಮಾತನ್ನು ಜಾತಿ ಮತ ನೋಡದೆ ಪ್ರತಿ ಮನೆಗೂ ಮುಟ್ಟಿಸಬಹುದು.

ಕಾಡಿನ ಒಂದು ಮೂಕಪ್ರಾಣಿ ಸತ್ತು ಕೊಡುವ ಸುದ್ದಿ, ಅದನ್ನು ಕಂಡ ಬಡವನ ಬಾಯಿಂದ ನಮಗೆ ತಲುಪುತ್ತದೆ. ಆತನ ಮಾತಿಗೆ ಬೆಲೆ ಕೊಡುವುದನ್ನು ಈ ಡಿಸೆಂಬರಿಗೆ ಮೊದಲೇ ಕಲಿತರೆ, ಮೇ ತಿಂಗಳಲ್ಲಿ ಮೃತರ ಲೆಕ್ಕ ಹಾಕುವ ಸಂಕಟ ತಪ್ಪೀತು.