ಪಿಟ್ಸ್‌ಬರ್ಗ್‌ನಲ್ಲಿ ಹೊಟ್ಟೆಪಾಡು: ಸಸ್ಯಾಹಾರಿ ಎಲ್ಲಿ ಕೂತು ತಿನ್ನಬೇಕು?

"ಅಲ್ಲಿ ನಮಗೆ ತಿನ್ನೋಕೆ ಏನಾದ್ರೂ ಸಿಗತ್ತಾ?" ಓದೋಕೋ ಪ್ರಾಜೆಕ್ಟ್ ಮೇಲೋ ಪಿಟ್ಸ್‌ಬರ್ಗ್‌ಗೆ ಹೊರಟವರು ಮನೆ ಬಾಡಿಗೆಗಿಂತ ಮೊದಲು ಕೇಳೋ ಪ್ರಶ್ನೆ ಇದು. ಸುಮಾರು 3 ಲಕ್ಷ ಜನರ ಊರು. ಮೂರು ನದಿ, ಎಲ್ಲಿ ನೋಡಿದ್ರೂ ಸೇತುವೆ, ಗುಡ್ಡ. ನ್ಯೂಜೆರ್ಸಿ ಥರ ಗಲ್ಲಿಗೊಂದು ದೋಸೆ ಹೋಟೆಲ್ ಇಲ್ಲ, ನಿಜ.

ನಮ್ಮ ಟೀಮಿಗೆ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಬಂದಿದ್ದ. ಮೊದಲ ಮೂರು ವಾರ ಒಂದು ದಿನವೂ ನಮ್ಮ ಜೊತೆ ಲಂಚ್‌ಗೆ ಬರಲಿಲ್ಲ. ಮೊಸರನ್ನದ ಡಬ್ಬಿ ಹಿಡಿದು ಡೆಸ್ಕ್‌ನಲ್ಲೇ ಕೂರ್ತಿದ್ದ. ಯಾಕಪ್ಪ ಅಂದ್ರೆ, "ಯಾವುದ್ರಾಗ ಏನ್ ಹಾಕಿರ್ತಾರೋ ಗೊತ್ತಾಗಂಗಿಲ್ರೀ ಅಕ್ಕಾ, ಕೇಳಾಕ ನಾಚ್ಕಿ" ಅಂದ. ಮೊಸರನ್ನಕ್ಕೆ ನನ್ನ ತಕರಾರಿಲ್ಲ. ಆದರೆ ಯಾರು ಏನು ಕೆಲಸ ಮಾಡ್ತಾರೆ, ಮುಂದಿನ ಪ್ರಾಜೆಕ್ಟ್‌ನಲ್ಲಿ ಯಾರಿಗೆ ಜಾಗ ಇದೆ ಅನ್ನೋದೆಲ್ಲ ಗೊತ್ತಾಗೋದು ಆ ಲಂಚ್ ಟೇಬಲ್‌ನಲ್ಲೇ. ಅಲ್ಲಿಂದ ದೂರ ಉಳಿದ್ರೆ ನಷ್ಟ ಹೊಟ್ಟೆಗಷ್ಟೇ ಅಲ್ಲ.

ನನಗೆ ಅನ್ನಿಸೋದು ಇಷ್ಟು: ಈ ಊರಲ್ಲಿ ಸಸ್ಯಾಹಾರಿ ಮೊದಲು ಹೋಗಬೇಕಾದದ್ದು ಕೂಲಿಕಾರರ ಅಡುಗೆ ಮಾಡೋ ಕಡೆಗೆ. ಪಿಟ್ಸ್‌ಬರ್ಗ್ ಉಕ್ಕಿನ ಊರು. ಪೋಲೆಂಡ್, ಸ್ಲೊವಾಕಿಯಾ, ಉಕ್ರೇನ್, ಇಟಲಿ ಕಡೆಯಿಂದ ಕಾರ್ಖಾನೆಗೆ ದುಡಿಯೋಕೆ ಬಂದವರ ಮನೆಯಲ್ಲಿ ಅಗ್ಗಕ್ಕೆ ಸಿಗ್ತಿದ್ದದ್ದು ಆಲೂಗಡ್ಡೆ, ಎಲೆಕೋಸು, ಹಿಟ್ಟು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಅಡುಗೆ ಮಾತ್ರ ಉಳಿಯಿತು.

ಅದರಲ್ಲಿ ಮೊದಲ ಹೆಸರು ಪಿಯೆರೋಗಿ. ನೋಡೋಕೆ ಥೇಟ್ ನಮ್ಮ ಕರಿಗಡುಬು. ಒಳಗೆ ಹೂರಣದ ಬದಲು ಆಲೂಗಡ್ಡೆ-ಚೀಸ್, ಇಲ್ಲಾ ಹುಳಿ ಬಂದ ಎಲೆಕೋಸು. ಮೊದಲು ನೀರಲ್ಲಿ ಬೇಯಿಸಿ, ಆಮೇಲೆ ಬೆಣ್ಣೆ, ಈರುಳ್ಳಿ ಹಾಕಿ ಬಾಡಿಸ್ತಾರೆ. ಈ ಊರಿನವರಿಗೆ ಇದರ ಹುಚ್ಚು ಎಷ್ಟು ಅಂದ್ರೆ, ಪೈರೇಟ್ಸ್ ತಂಡದ ಬೇಸ್‌ಬಾಲ್ ಮ್ಯಾಚ್ ನಡುವೆ ಪಿಯೆರೋಗಿ ವೇಷ ಹಾಕಿದವರ ಓಟದ ಪಂದ್ಯ ಇರತ್ತೆ! ಮೆಕೀಸ್ ರಾಕ್ಸ್‌ನಲ್ಲಿ ಹಳೇ ಪೆಟ್ರೋಲ್ ಬಂಕ್ ಕಟ್ಟಡದಲ್ಲಿ 'ಪಿಯೆರೋಗೀಸ್ ಪ್ಲಸ್' ಅಂತ ಅಂಗಡಿ ಇದೆ. ಪಾರ್ಸೆಲ್ ತಂದು ಫ್ರಿಜ್‌ನಲ್ಲಿಟ್ರೆ ಒಂದು ವಾರದ ರಾತ್ರಿ ಊಟದ ಚಿಂತೆ ಮುಗೀತು.

ಪಿಯೆರೋಗಿ ತಿನ್ನೋಕೆ ಒಳ್ಳೇ ಜಾಗ ಹೋಟೆಲ್ ಅಲ್ಲ, ಚರ್ಚಿನ ನೆಲಮಾಳಿಗೆ. ಈಸ್ಟರ್‌ಗೆ ಮುಂಚಿನ ಲೆಂಟ್ ಅವಧಿಯಲ್ಲಿ ಕ್ಯಾಥೊಲಿಕರು ಶುಕ್ರವಾರ ಮಾಂಸ ಮುಟ್ಟೋದಿಲ್ಲ. ಆಗ ಚರ್ಚುಗಳು, ಅಗ್ನಿಶಾಮಕ ಠಾಣೆಗಳು 'ಫಿಶ್ ಫ್ರೈ' ನಡೆಸ್ತವೆ. ಹೆಸರು ಮೀನಿನದ್ದಾದ್ರೂ ಪಕ್ಕದಲ್ಲೇ ಪಿಯೆರೋಗಿ, ಮ್ಯಾಕ್ ಆಂಡ್ ಚೀಸ್, ಹಲೂಷ್ಕಿ (ಎಲೆಕೋಸು, ನೂಡಲ್ಸ್, ಬೆಣ್ಣೆ, ಅಷ್ಟೇ) ಇರೋದು ಹೆಚ್ಚು. ಎಲ್ಲೆಲ್ಲಿ ಇದೆ ಅಂತ ತೋರಿಸೋ ಆನ್‌ಲೈನ್ ಮ್ಯಾಪನ್ನೇ ಸ್ವಯಂಸೇವಕರು ಮಾಡಿಟ್ಟಿದ್ದಾರೆ. ಉದ್ದನೆ ಟೇಬಲ್, ಪಕ್ಕದಲ್ಲಿ ಯಾರೋ ಅಜ್ಜಿ. "ಇನ್ನೊಂದು ಹಾಕ್ಲಾ ಮಗಾ" ಅನ್ನೋ ಧಾಟಿ ಇಂಗ್ಲಿಷಿನಲ್ಲೂ ಗೊತ್ತಾಗತ್ತೆ. ನಮ್ಮ ಹುಬ್ಬಳ್ಳಿ ಹುಡುಗ ಈಗ ಟೀಮಿನವರನ್ನು ಅಲ್ಲಿಗೆ ಎಳ್ಕೊಂಡು ಹೋಗ್ತಾನೆ.

ಶನಿವಾರ ಬೆಳಗ್ಗೆ ಸ್ಟ್ರಿಪ್ ಡಿಸ್ಟ್ರಿಕ್ಟ್‌ಗೆ ಹೋಗಿ. ಹೆಸರು ಕೇಳಿ ನಗಬೇಡಿ, ಹಿಂದೆ ತರಕಾರಿ ಮಂಡಿಗಳಿದ್ದ ನದಿ ಪಕ್ಕದ ಪಟ್ಟಿ ಅದು. ಅಲ್ಲಿ 'ಪಮೇಲಾಸ್'ನ ಹಾಟ್‌ಕೇಕ್ ತಿನ್ನಿ. ದಪ್ಪ ಪ್ಯಾನ್‌ಕೇಕ್ ಅಲ್ಲ, ತೆಳ್ಳಗೆ, ಅಂಚು ಗರಿಗರಿ, ದೋಸೆ ಕಂಡವರಿಗೆ ತಕ್ಷಣ ಆಪ್ತ ಅನ್ನಿಸತ್ತೆ. 2008ರ ಚುನಾವಣಾ ಪ್ರಚಾರಕ್ಕೆ ಬಂದಾಗ ಒಬಾಮ ತಿಂದು ಮೆಚ್ಚಿದ್ದು ಇದನ್ನೇ. ಹತ್ತಿರದಲ್ಲೇ 1933ರ 'ಪ್ರಿಮಾಂಟಿ ಬ್ರದರ್ಸ್'. ಫ್ರೈಸ್, ಕೋಲ್‌ಸ್ಲಾ ಎರಡನ್ನೂ ಬ್ರೆಡ್ಡಿನ ಒಳಗೇ ತುರುಕಿ ಕೊಡ್ತಾರೆ. ಲಾರಿ ಡ್ರೈವರ್‌ಗಳು ಒಂದೇ ಕೈಯಲ್ಲಿ ತಿನ್ನಲಿ ಅಂತ ಹೀಗೆ ಮಾಡಿದ್ರಂತೆ. ಮೊಟ್ಟೆ ತಿನ್ನೋರಿಗೆ ಎಗ್-ಚೀಸ್ ಸ್ಯಾಂಡ್‌ವಿಚ್ ಸಿಗತ್ತೆ. ನನ್ನ ಪ್ರಕಾರ ಒಂದು ಸಲ ತಿಂದು ಫೋಟೋ ತೆಗೆದ್ರೆ ಸಾಕು.

ಯಾವುದನ್ನೂ ಕೇಳದೆ ಕಣ್ಮುಚ್ಚಿ ಆರ್ಡರ್ ಮಾಡಬೇಕಾ? ಬ್ಲೂಮ್‌ಫೀಲ್ಡ್‌ನ 'ಆಪ್ಟೆಕಾ'ಗೆ ಹೋಗಿ. ಇದೇ ಪೂರ್ವ ಯುರೋಪಿನ ಅಡುಗೆ, ಪೂರ್ತಿ ವೀಗನ್. ಸ್ವಲ್ಪ ದುಬಾರಿ, ಸಂಬಳ ಬಂದ ವಾರಕ್ಕೆ ಇಟ್ಕೊಳ್ಳಿ.

ಬೇರೆ ಕಡೆ ಕೇಳಲೇಬೇಕು. "ವೆಜ್ಜಾ?" ಅಂದ್ರೆ ಸಾಲದು. ಸೂಪ್‌ಗೆ ಚಿಕನ್ ಬೇಯಿಸಿದ ನೀರು ಹಾಕಿದ್ದೀರಾ, ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇದೆಯಾ, ಪಿಯೆರೋಗಿ ಮೇಲೆ ಬೇಕನ್ ಚೂರು ಉದುರಿಸ್ತೀರಾ ಅಂತ ಬಿಡಿಸಿ ಕೇಳಿ. ಅಲರ್ಜಿ ಇರೋ ಅಮೆರಿಕನ್ನರು ದಿನಾ ಇದಕ್ಕಿಂತ ಹೆಚ್ಚು ಕೇಳ್ತಾರೆ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಕರಿಯೋ ಎಣ್ಣೆ, ತವಾ ಬೇರೆ ಇರಲೇಬೇಕು ಅನ್ನೋರಿಗೆ ಮಾತ್ರ ಆಯ್ಕೆ ಕಮ್ಮಿ.

ಇನ್ನು ಮನೆ ನೆನಪಾದಾಗ ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ಪ್ರತಿಷ್ಠೆಯಾದದ್ದು, ಗುಡ್ಡದ ಮೇಲಿದೆ. ಕ್ಯಾಂಟೀನಿನ ಪುಳಿಯೋಗರೆ, ಮೊಸರನ್ನಕ್ಕಾಗಿಯೇ ಊರಾಚೆಯಿಂದ ಜನ ಬರ್ತಾರೆ. ವಾರದ ದಿನಗಳ ಇಂಡಿಯನ್ ಬಫೆಗೆ ಕೊಡೋ ದುಡ್ಡಲ್ಲಿ ಇಲ್ಲಿ ಇಬ್ಬರು ತಿಂದು, ಒಂದು ಪಾರ್ಸೆಲ್ಲೂ ತರಬಹುದು. ಕಾರಿಲ್ಲದಿದ್ರೆ ಕಾರಿರೋ ಸ್ನೇಹಿತರನ್ನ ಮಾಡ್ಕೊಳ್ಳಿ, ಪುಳಿಯೋಗರೆ ಆಸೆ ತೋರಿಸಿದ್ರೆ ಬಂದೇ ಬರ್ತಾರೆ.

ಕೊನೆಗೆ ಲೆಕ್ಕ. ಮೆನುವಿನಲ್ಲಿ 12 ಡಾಲರ್ ಅಂತಿದ್ರೆ 7% ತೆರಿಗೆ, ಟೇಬಲ್‌ಗೆ ತಂದು ಬಡಿಸಿದವರಿಗೆ 20% ಟಿಪ್ ಸೇರಿ ಜೇಬಿಂದ ಹೋಗೋದು 15ಕ್ಕಿಂತ ಸ್ವಲ್ಪ ಜಾಸ್ತಿ. ಕೌಂಟರ್‌ನಲ್ಲಿ ನೀವೇ ತಟ್ಟೆ ತಗೊಂಡು ಬಂದ್ರೆ ಟಿಪ್ ನಿಮ್ಮಿಷ್ಟ, ಸ್ಕ್ರೀನ್ ತಿರುಗಿಸಿ ತೋರಿಸಿದ್ರೂ ಗಾಬರಿಯಾಗಬೇಡಿ.