ಸೇರು ಬೇಕಾದವನಿಗೆ ಮೂಟೆಯೇಕೆ?

ಗಣಕಯಂತ್ರದಲ್ಲಿರುವ ಕಡತಗಳನ್ನು ತಿದ್ದಿದಾಗ ಹಳೆಯ ರೂಪವೂ ಅಳಿಯದಂತೆ ಕಾದಿಡುವ ವ್ಯವಸ್ಥೆಯೊಂದುಂಟು. ಅದಕ್ಕೆ ಗಿಟ್ ಎಂದು ಹೆಸರು. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ಇದನ್ನು ರಚಿಸಿದರು. ಕಲಾ ವಿಭಾಗದವರಿಗೆ ಈ ಗೊಡವೆಯೇಕೆಂದು ವಾಚಕ ಮಹಾಶಯರು ಪುಟ ತಿರುವಿಬಿಡಬಾರದಾಗಿ ವಿನಂತಿ. ಕನ್ನಡವನ್ನು ಅಂದವಾಗಿ ಅಚ್ಚು ಹಾಕಲು ಬೇಕಾದ ಮುಕ್ತ ಫಾಂಟುಗಳು ಇಂದು ಇಂತಹ ಭಂಡಾರಗಳಲ್ಲಿಯೇ ಇವೆ.

ಗೂಗಲ್ ಫಾಂಟ್ಸ್ ಭಂಡಾರವನ್ನೇ ನೋಡಿ. ಹುಬ್ಬಳ್ಳಿ, ಬೆಣ್ಣೆ, ತಿರೊ ಕನ್ನಡ, ಬಾಲೂ ತಮ್ಮ ಎಂಬ ಅಕ್ಷರಗಳು ಅಲ್ಲಿವೆ. ನಾಲ್ಕೂ ಸೇರಿದರೆ ಕೆಲವೇ ಎಂ.ಬಿ. ಆದರೆ ಇಡೀ ಭಂಡಾರ, ಹಳೆಯ ತಿದ್ದುಪಡಿಗಳನ್ನು ಬಿಟ್ಟರೂ, 1 ಜಿ.ಬಿ.ಗೆ ಮಿಗಿಲು! ಇಳಿಸುತ್ತಿರುವಾಗ ನಡುವೆ ಸಂಪರ್ಕ ಕಡಿದರೆ ಬಂದದ್ದೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ. ದಿನಕ್ಕಿಷ್ಟೆಂದು ಅಳೆದುಕೊಟ್ಟ ಡೇಟಾದಲ್ಲಿ ಓದುವ ನಮ್ಮಂಥವರಿಗೆ ಇದು ಒಂದು ದಿನದ ಓದಿನ ನಷ್ಟ.

ನಮ್ಮ ತಂದೆಯವರು ಅಕ್ಕಿಪೇಟೆಯಲ್ಲಿ ಮೂಟೆ ಹೊತ್ತವರು. ಮನೆಯಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಚೀಲಕ್ಕೆ ಮೊನಚಾದ ಕೊಳವೆ ಚುಚ್ಚಿ ಹಿಡಿಯಷ್ಟು ಅಕ್ಕಿಯನ್ನು ಅಂಗೈಗೆ ಸುರಿದು ನೋಡುವುದನ್ನು ಬಾಲ್ಯದಿಂದ ಕಂಡಿದ್ದೇನೆ. ಅದಕ್ಕಾಗಿ ಯಾರೂ ಲಾರಿಯನ್ನೇ ಮನೆಗೆ ಹೊಡೆಸಿಕೊಂಡು ಹೋಗುವುದಿಲ್ಲ.

ಗಿಟ್ ಕೂಡ ಸರಕನ್ನು ಮೂಟೆ ಕಟ್ಟಿಯೇ ಇಡುತ್ತದೆ. ಜೊತೆಗೊಂದು ಸೂಚಿಯುಂಟು, ಯಾವ ವಸ್ತು ಎಷ್ಟನೆಯ ಬೈಟಿನಿಂದ ಆರಂಭವಾಗುತ್ತದೆಂಬುದು ಅದರಲ್ಲಿ ನಮೂದಾಗಿರುತ್ತದೆ. ಒಂದು ಕಡತದ ಇಂತಿಷ್ಟನೆಯ ಬೈಟಿನಿಂದ ಇಂತಿಷ್ಟರವರೆಗೆ ಮಾತ್ರ ಕೊಡಿ ಎಂದು ಕೇಳುವ ಸೌಲಭ್ಯ 1997ರ ಎಚ್‌ಟಿಟಿಪಿ 1.1 ನಿಯಮದಲ್ಲಿಯೇ ಇದೆ. ಒಪ್ಪಿದ ಸರ್ವರ್ 206 ಎಂಬ ಸಂಖ್ಯೆಯೊಡನೆ ಆ ತುಂಡನ್ನಷ್ಟೇ ಕಳುಹಿಸುತ್ತದೆ. ಸೂಚಿಯೂ ಇದೆ, ನಿಯಮವೂ ಇದೆ. ಹಾಗಿದ್ದೂ ಸಾಧಾರಣ ವೆಬ್ ಸರ್ವರಿನಿಂದ ತರುವ ಗಿಟ್‌ನ ಹಳೆಯ ವಿಧಾನವು ಸೂಚಿಯನ್ನು ಓದಿ, ವಸ್ತು ಯಾವ ಮೂಟೆಯಲ್ಲಿದೆ ಎಂದು ತಿಳಿದು, ಕಡೆಗೆ ಮೂಟೆಯನ್ನೇ ಹೊತ್ತು ತರುತ್ತದೆ. ಇದೆಂತಹ ಜಾಣತನ!

ತೊಡಕಿಲ್ಲವೆಂದಲ್ಲ. ಅಕ್ಕಿಯ ಕಾಳು ಇನ್ನೊಂದು ಕಾಳನ್ನು ನೆಚ್ಚಿಕೊಂಡಿಲ್ಲ. ಗಿಟ್ ಮೂಟೆಯಲ್ಲಿ ಹಾಗಲ್ಲ. ಜಾಗ ಉಳಿಸಲೆಂದು ಒಂದನ್ನು ಪೂರ್ತಿಯಾಗಿಟ್ಟು, ಅದನ್ನು ಹೋಲುವ ಮತ್ತೊಂದರಲ್ಲಿ ವ್ಯತ್ಯಾಸವನ್ನು ಮಾತ್ರ ಬರೆದಿಟ್ಟಿರುತ್ತದೆ. ಆಗ ಮೂಲವನ್ನೂ ತರಬೇಕು. ಆ ಮೂಲಕ್ಕೂ ಬೇರೊಂದು ಮೂಲವಿರಬಹುದು. ಈ ಸರಪಳಿ ಸಾಮಾನ್ಯವಾಗಿ 50 ಕೊಂಡಿಗಳವರೆಗೆ ಬೆಳೆಯಬಹುದು. ಒಂದೊಂದು ಕೊಂಡಿಗೂ ಒಂದೊಂದು ಸಲ ಹೋಗಿಬಂದರೆ ಹೊತ್ತು ಹಿಡಿಯುತ್ತದೆ, ನಿಜ. ಆದರೂ ಹೊತ್ತು ನಮ್ಮಲ್ಲಿದೆ, ಡೇಟಾ ಇಲ್ಲ.

2018ರ 2.17ನೆಯ ಆವೃತ್ತಿಯಿಂದ ಬೇಡದ್ದನ್ನು ಬಿಟ್ಟು ಭಾಗಶಃ ಪ್ರತಿ ಪಡೆಯುವ ಏರ್ಪಾಡು ಗಿಟ್‌ನಲ್ಲಿಯೇ ಬಂದಿದೆ. ಬಲು ಒಳ್ಳೆಯದು. ಆದರೆ ಅದಕ್ಕೆ ಗಿಟ್ ಬಲ್ಲ ಸರ್ವರ್ ಬೇಕು. ಅದೂ ಆ ಕೋರಿಕೆಗೆ ಒಪ್ಪಬೇಕು. ಬರಿಯ ವೆಬ್ ಜಾಗವೊಂದನ್ನು ಬಾಡಿಗೆಗೆ ಹಿಡಿದ ಸಣ್ಣ ಕನ್ನಡ ಸಂಘವೊಂದು ತನ್ನ ಸಂಗ್ರಹವನ್ನು ಹಂಚಬೇಕಾದರೆ ಏನು ಗತಿ? ಅಲ್ಲಿ ಬೈಟು ಲೆಕ್ಕದಲ್ಲಿ ತುಂಡು ಕೇಳುವ ದಾರಿಯೇ ಬಡವರ ದಾರಿ. ಗಿಟ್ ರಚಿಸುವವರು ಇದನ್ನು ಕಡೆಗಣಿಸಬಾರದೆಂಬುದು ನನ್ನ ಅಭಿಪ್ರಾಯ.

ಪ್ರತಿಯೊಬ್ಬರಲ್ಲಿಯೂ ಪೂರ್ಣ ಪ್ರತಿಯಿರುವುದೇ ಗಿಟ್‌ನ ಬಲವಲ್ಲವೇ, ಮೂಲ ನಾಶವಾದರೆ ಯಾವುದೋ ಒಂದು ಪ್ರತಿಯಿಂದ ಎಲ್ಲವನ್ನೂ ಎತ್ತಬಹುದಲ್ಲವೇ ಎಂದು ಬಲ್ಲವರು ಕೇಳಬಹುದು. ಈ ಮಾತನ್ನು ನಾನು ಹಗುರವಾಗಿ ತಳ್ಳಲಾರೆ. ಭಾಗಶಃ ಪ್ರತಿಯನ್ನು ಇಟ್ಟುಕೊಂಡವನು ಇಲ್ಲದ ಭಾಗಕ್ಕಾಗಿ ಸರ್ವರಿನ ಬಾಗಿಲನ್ನೇ ಕಾಯಬೇಕು. ಆದರೆ ಅರ್ಧಕ್ಕೆ ಕಡಿದುಹೋದ ಪ್ರತಿಯಿಂದ ಯಾರು ಏನನ್ನು ಉಳಿಸಿಯಾರು? ಪೂರ್ಣವಾಗಿ ಕಾಪಾಡುವ ಹೊಣೆಯನ್ನು ಸಂಸ್ಥೆಗಳು ಹೊರಲಿ. ನಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿ ಕನ್ನಡ ಫಾಂಟುಗಳ ಭಂಡಾರದ ಒಂದು ಪೂರ್ಣ ಪ್ರತಿಯನ್ನು ಇಳಿಸಿಟ್ಟು ಆಗಾಗ ಹೊಸತು ಮಾಡುತ್ತಿದ್ದರೆ, ಮುಂದಿನ ವರ್ಷ ಸಂಚಿಕೆ ಸಿದ್ಧಪಡಿಸುವವರು ಬೇಕಾದ ನಾಲ್ಕು ಕಡತಗಳನ್ನು ಅಲ್ಲಿಂದಲೇ ತೆಗೆದುಕೊಂಡಾರು.