ಕ್ರಿಯಾಟಿನಿನ್ ಇಳಿಯಿತು ಅಂತ ಸಿಹಿ ಹಂಚಬೇಡಿ

ನಮ್ಮ ಚಿಕ್ಕಪ್ಪ ದೊಡ್ಡಬಳ್ಳಾಪುರದವರು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ಜೀವ. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋದ ವರ್ಷ ಅವರ ಮನೆಗೆ ಹೋದಾಗ ಚಿಕ್ಕಮ್ಮ ನಗುನಗುತ್ತಾ ಫೈಲು ತಂದು ಕೈಗಿಟ್ಟರು. "ನೋಡಪ್ಪ, ಒಂಬತ್ತಿದ್ದ ಕ್ರಿಯಾಟಿನಿನ್ನು ಆರಕ್ಕೆ ಬಂದೈತೆ. ದೇವ್ರು ಕಣ್ಬಿಟ್ಟ." ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಪೂಜೆಯನ್ನೂ ಮಾಡಿಸಿಕೊಂಡು ಬಂದಿದ್ದರು.

ಮೂರೇ ತಿಂಗಳು. ಚಿಕ್ಕಪ್ಪ ಬಚ್ಚಲ ಹೊಸಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಕ್ರಿಯಾಟಿನಿನ್ ಹುಟ್ಟೋದು ನಮ್ಮ ಮಾಂಸಖಂಡದಲ್ಲಿ. ಡಯಾಲಿಸಿಸ್‌ನಲ್ಲಿರುವವರಿಗೆ ಅದು ತಿಂಗಳು ತಿಂಗಳೂ ಇಳಿಯುತ್ತಾ ಬಂದರೆ ಕಿಡ್ನಿ ಚೇತರಿಸಿಕೊಂಡಿತು ಅಂತಲೇ ಅರ್ಥವಲ್ಲ. ಮೈಮೇಲಿನ ಮಾಂಸವೇ ಕರಗುತ್ತಿರಬಹುದು. ಪ್ರತಿ ಸಲವೂ ಹಾಗೇ ಅಂತಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆ ಅದು. ಚಿಕ್ಕಪ್ಪನ ವಿಷಯದಲ್ಲಿ ಯಾರೂ ಕೇಳಲಿಲ್ಲ. ನಾವು ಪೂಜೆ ಮಾಡಿಸಿದೆವು!

ತೂಕವಾದರೂ ಹೇಳಬೇಕಿತ್ತಲ್ಲ ಅಂತೀರಾ? ತಕ್ಕಡಿಯೂ ಮೋಸ ಮಾಡುತ್ತೆ. ಮಾಂಸ ಹೋದ ಜಾಗಕ್ಕೆ ನೀರು ತುಂಬಿಕೊಳ್ಳುತ್ತೆ, ಮುಳ್ಳು ಅಲ್ಲೇ ನಿಂತಿರುತ್ತೆ. "ಕಾಲಲ್ಲಿ ಸತ್ವ ಇಲ್ಲ ಕಣ್ಲಾ" ಅಂತ ಚಿಕ್ಕಪ್ಪ ಅಂದಾಗಲೆಲ್ಲ ನಾವು "ವಯಸ್ಸಾಯ್ತಲ್ಲ" ಅಂದೆವು. ಅವರಿಗೆ ಐವತ್ತೆಂಟು.

ಮೂಳೆ ವಿಷಯಕ್ಕೆ ಬಂದರೆ ನಮ್ಮ ಕಡೆ ಇನ್ನೊಂದು ಜಂಬ. "ರಾಗಿಮುದ್ದೆ ತಿಂದವನಿಗೆ ಮೂಳೆ ಸವೆಯುತ್ತಾ?" ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರೋದು ನಿಜ. ಆದರೆ ಕಿಡ್ನಿ ಕೆಟ್ಟವರ ಮೂಳೆ ಸವೆಯೋದು ಬರೀ ಕ್ಯಾಲ್ಸಿಯಂ ತಿನ್ನದೆ ಅಲ್ಲ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರೋದು ಕಿಡ್ನಿ. ಹೆಚ್ಚಾದ ರಂಜಕವನ್ನು ಹೊರಗೆ ಹಾಕೋದೂ ಅದೇ. ಎರಡೂ ನಿಂತಾಗ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹದ್ದುಮೀರಿ ಕೆಲಸ ಮಾಡಿ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರಿಯುತ್ತವೆ. ಆ ಕ್ಯಾಲ್ಸಿಯಂ ರಕ್ತನಾಳದ ಗೋಡೆಗೂ ಹೋಗಿ ಕೂರುತ್ತೆ. ಹಾಗಾಗಿ ಯಾರೋ ಹೇಳಿದರು ಅಂತ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚಾಗಬಹುದು.

ಪಥ್ಯದ ಗೊಂದಲ ಇದಕ್ಕಿಂತ ದೊಡ್ಡದು. ಡಯಾಲಿಸಿಸ್ ಶುರುವಾಗುವ ಮುಂಚೆ ಡಾಕ್ಟರು "ಪ್ರೋಟೀನ್ ಕಡಿಮೆ ಮಾಡಿ" ಅಂದಿರುತ್ತಾರೆ. ಅದು ಆಗ ಸರಿ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತೆ. ಪ್ರತಿ ಸಲವೂ ಪ್ರೋಟೀನಿನ ಚೂರುಗಳಾದ ಅಮೈನೋ ಆಮ್ಲಗಳು ಯಂತ್ರದ ಮೂಲಕ ಸೋರಿಹೋಗುತ್ತವೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಹಳೇ ಚೀಟಿ ಹರಿದು ಹೊಸದು ಬರೆದುಕೊಡುವವರು ಮಾತ್ರ ಇಲ್ಲ. ಚಿಕ್ಕಮ್ಮ ಮೂರು ವರ್ಷ ಗಂಡನಿಗೆ ಮೊಟ್ಟೆಯ ಬಿಳಿಭಾಗವನ್ನೂ ಕೊಡಲಿಲ್ಲ. ಪ್ರೀತಿಯಿಂದಲೇ ಉಪವಾಸ ಕೆಡವಿದರು.

ರಂಜಕ ಹಿಡಿದಿಡುವ ಮಾತ್ರೆಯನ್ನು ಊಟದ ಜೊತೆಗೇ ತಗೋಬೇಕು, ಅದು ಅನ್ನದಲ್ಲಿರೋ ರಂಜಕವನ್ನು ಹಿಡಿಯೋದಕ್ಕೆ ಇರೋದು. ಚಿಕ್ಕಪ್ಪ ಅದನ್ನು ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಬೇರೆ ಮಾತ್ರೆಗಳ ಜೊತೆ ನುಂಗುತ್ತಿದ್ದರು. ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ. ಕಿಡ್ನಿ ಇನ್ನೂ ಅಲ್ಪಸ್ವಲ್ಪ ಉಳಿದವರಿಗೆ ಅದೇ ಮಾತ್ರೆ ಉಳಿದದ್ದನ್ನೂ ಮುಗಿಸಬಲ್ಲದು. ಆದರೂ ಚೀಟಿಯೇ ಇಲ್ಲದೆ ಸಿಗುತ್ತೆ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು. ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರ ಬಂದವು. ಬೆಳಗಿನ ಬಸ್ಸು ಹಿಡಿದು ಯಲಹಂಕ ದಾಟಿ ಬೆಂಗಳೂರಿಗೆ ಓಡೋದು ಎಷ್ಟೋ ಜನಕ್ಕೆ ತಪ್ಪಿತು. ಅದಕ್ಕೆ ಕೈಮುಗಿಯುತ್ತೇನೆ. ಆದರೆ ರಕ್ತ ತೊಳೆದು ಮನೆಗೆ ಕಳಿಸಿದರೆ ಕೆಲಸ ಮುಗೀತಾ? ಆಸ್ಪತ್ರೆಯಿಂದ ಮನೆಗೆ ನಡೆದು ಹೋಗೋಕೆ ಕಾಲು ಬೇಡವಾ?

"ಬಡವರಿಗೆ ಡಯಾಲಿಸಿಸ್ ಸಿಗೋದೇ ಕಷ್ಟ, ಇನ್ನು ಮೂಳೆ ಮಾಂಸ ಅಂತ ಹೆದರಿಸೋದ್ಯಾಕೆ?" ಅನ್ನುವವರಿದ್ದಾರೆ. ಇದು ಕರುಣೆಯಲ್ಲ, ಉದಾಸೀನ. ಮಗ್ಗದವನಿಗೆ, ಹೊಲದವನಿಗೆ, ದೇವನಹಳ್ಳಿಯ ಲೋಡಿಂಗ್ ಕೆಲಸದವನಿಗೆ ಮೈಯೇ ಬಂಡವಾಳ. ಮೂಳೆ ಮುರಿದರೆ ಸಂಬಳ ಬರುವ ರಜೆ ಅವನಿಗಿಲ್ಲ. ಮೊದಲು ಎಚ್ಚರಿಸಬೇಕಾದ್ದು ಅವನನ್ನೇ.

ಖರ್ಚಿನ ನೆಪವೂ ನಿಲ್ಲೋದಿಲ್ಲ. ಕುರ್ಚಿ ಒಂದಿದ್ದರೆ ಸಾಕು. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ, ಪಕ್ಕದಲ್ಲೊಬ್ಬರು ನಿಂತಿರಲಿ. 12 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕುಗ್ಗಿದೆ ಅಂತ ಅನುಮಾನಿಸಿ ಅಂದಿದ್ದಾರೆ ಏಷ್ಯಾದ ತಜ್ಞರು, 2019ರಲ್ಲೇ. ಡಯಾಲಿಸಿಸ್‌ನವರಿಗೆ ಕ್ಯಾಲ್ಸಿಯಂ, ರಂಜಕ ಒಂದರಿಂದ ಮೂರು ತಿಂಗಳಿಗೊಮ್ಮೆ, ಪ್ಯಾರಾಥೈರಾಯ್ಡ್ ಹಾರ್ಮೋನು ಮೂರರಿಂದ ಆರು ತಿಂಗಳಿಗೊಮ್ಮೆ ನೋಡಿ ಅನ್ನುತ್ತೆ ಅಂತರರಾಷ್ಟ್ರೀಯ ಮಾರ್ಗಸೂಚಿ. ಚಿಕ್ಕಪ್ಪನ ಫೈಲಿನಲ್ಲಿ ಆ ಹಾರ್ಮೋನಿನ ಹೆಸರು ಮೂರು ವರ್ಷದಲ್ಲಿ ಒಮ್ಮೆಯೂ ಇಲ್ಲ.

ನಾಲ್ಕು ಗಂಟೆ ಅಲುಗಾಡದೆ ಮಲಗಿರುತ್ತಾರಲ್ಲ, ಎದುರಿನ ಗೋಡೆ ಖಾಲಿ ಬಿದ್ದಿರುತ್ತೆ. ಅಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇಷ್ಟು ಬರೆಸಿ: ಏನು ತಿನ್ನಬೇಕು, ಯಾವ ಮಾತ್ರೆ ಯಾವಾಗ, ಯಾವ ಟೆಸ್ಟು ಎಷ್ಟು ತಿಂಗಳಿಗೆ. ತಿಂಗಳಿಗೊಂದು ದಿನ ಆಹಾರತಜ್ಞರನ್ನು ಕರೆಸಿ.

ಮನೆಯವರಿಗೂ ಒಂದು ಮಾತು. ಮುಂದಿನ ಸಲ ಫೈಲು ಹಿಡಿದು ಡಾಕ್ಟರ ಮುಂದೆ ಕೂತಾಗ "ಕ್ರಿಯಾಟಿನಿನ್ ಎಷ್ಟು ಸಾರ್?" ಅಂತ ಕೇಳಿ ಎದ್ದು ಬರಬೇಡಿ. "ಮೂಳೆ ಹೇಗಿದೆ, ಮಾಂಸ ಹೇಗಿದೆ?" ಅಂತ ಕೇಳಿ. ನಾವು ಕೇಳಲಿಲ್ಲ. ಚಿಕ್ಕಪ್ಪ ಈಗ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾರೆ. ಮಗ್ಗದ ಸದ್ದು ಪಕ್ಕದ ಮನೆಯಿಂದ ಕೇಳುತ್ತೆ.